ಹಳೇ ಎಲ್‌ಎಸ್4 ಸೂಪರ್, ಕೊಡಿಸಿದ ಏಜೆಂಟ್ ಸುಮಾರು

ಜರ್ಮನಿಯಲ್ಲಿ ಹಳೇ ಎಲ್‌ಎಸ್4 ಗ್ಲೈಡರ್ (ಎಂಜಿನ್ ಇಲ್ಲದೆ ತೇಲುವ ವಿಮಾನ) ಕೊಂಡು, ಟ್ರೈಲರ್‌ನಲ್ಲಿ ಸ್ವಿಟ್ಜರ್ಲೆಂಡಿಗೆ ಎಳೆದು ತಂದೆ. ರೆಕ್ಕೆ ತುದಿಯಿಂದ ತುದಿಗೆ 15 ಮೀಟರ್, ಒಂದು ಕಿಲೋಮೀಟರ್ ಎತ್ತರ ಸಿಕ್ಕರೆ ಸಾಕು, ಗಾಳಿ ಸುಮ್ಮನಿದ್ದಾಗ ಹತ್ತಿರ ಹತ್ತಿರ 40 ಕಿಲೋಮೀಟರ್ ತೇಲುತ್ತದೆ. ಮೇಲಿನ ಹೊಳಪಿನ ಲೇಪ, ಅಂದರೆ ಜೆಲ್‌ಕೋಟ್, ಅಲ್ಲಲ್ಲಿ ಬಿರುಕು ಬಿಟ್ಟಿದೆ, ಫೋಟೋದಲ್ಲಿ ಅದು ಕಾಣಿಸಿರಲಿಲ್ಲ ಬಿಡಿ.

ತೊಂದರೆ ಆಗಿದ್ದು ಗಡಿಯಲ್ಲಿ. 3000 ಯೂರೋಗಿಂತ ಜಾಸ್ತಿ ಬೆಲೆಯ ಮಾಲಿಗೆ ಮಾರುವವರ ಕಡೆಯ ಕಸ್ಟಮ್ಸ್ ಕಚೇರಿಯಲ್ಲೇ ಮೊದಲು ರಫ್ತು ಕಾಗದ ಮಾಡಿಸಬೇಕಂತೆ, ಏಜೆಂಟ್ ಅದನ್ನು ಹೇಳಲೇ ಇಲ್ಲ, ಅಷ್ಟುದ್ದ ಟ್ರೈಲರ್ ತಿರುಗಿಸಿಕೊಂಡು ವಾಪಸ್ ಹೋದೆ. ಸ್ವಿಸ್ ಕಡೆ ಟ್ರೈಲರ್‌ಗೂ ಸೇರಿಸಿ ಶೇ. 8.1 ವ್ಯಾಟ್ ಕಟ್ಟಿದೆ. ಜರ್ಮನ್ ನೋಂದಣಿ ರದ್ದಾದ ಪತ್ರ ಇಲ್ಲದೆ ಇಲ್ಲಿ ಎಚ್‌ಬಿ ನಂಬರ್ (ಸ್ವಿಸ್ ವಿಮಾನ ನೋಂದಣಿ ಸಂಖ್ಯೆ) ಸಿಗುವುದಿಲ್ಲ, ಅದಕ್ಕೂ ನಾನೇ ಓಡಾಡಿದೆ. ಕಮಿಷನ್ ಯಾಕೆ ತಗೊಂಡರೋ! ಗ್ಲೈಡರ್‌ಗೆ ಐದು ಸ್ಟಾರ್, ಏಜೆಂಟ್‌ಗೆ ಎರಡು.