ತಾಜಾರಾ ರೈಲೋ, ಬಸ್ಸೋ?

ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಿಂದ ಜಾಂಬಿಯಾಗೆ ಕಡಿಮೆ ಖರ್ಚಲ್ಲಿ ಹೋಗಬೇಕೇ? ಎರಡೂ ದೇಶಗಳನ್ನು ಜೋಡಿಸುವ ತಾಜಾರಾ ರೈಲಿದೆ, ಬಸ್ಸೂ ಇದೆ.

ರೈಲುದಾರಿ ಸುಮಾರು 1,860 ಕಿ.ಮೀ.; 1970ರ ದಶಕದಲ್ಲಿ ಚೀನಾದ ನೆರವಿನಿಂದ ಕಟ್ಟಿದ್ದು. ಕಾಲು ಚಾಚಿ ಮಲಗಬಹುದು. ಅದೃಷ್ಟವಿದ್ದರೆ ಕಿಟಕಿಯಲ್ಲೇ ಜಿರಾಫೆ! ಆದರೆ ವೇಳಾಪಟ್ಟಿ ನಂಬಿ ಮುಂದಿನ ಟಿಕೆಟ್ ಕೊಳ್ಳಬೇಡಿ, ತಡವಾಗುವುದು ಮಾಮೂಲು. ಕೆಲವೊಮ್ಮೆ ಓಡಾಟವೇ ನಿಂತಿರುತ್ತದೆ, ಮೊದಲೇ ವಿಚಾರಿಸಿ. ಕೊನೆಯ ನಿಲ್ದಾಣ ಕಪಿರಿ ಎಂಪೋಶಿ, ಜಾಂಬಿಯಾದ ರಾಜಧಾನಿ ಲುಸಾಕಾ ಅಲ್ಲ. ಅಲ್ಲಿಂದ ಮತ್ತೆ ಬಸ್ಸೇ.

ಬಸ್ಸು ತುಂಡುಮಾ ಗಡಿ ದಾಟಿ ಲುಸಾಕಾ ಮುಟ್ಟಿಸುತ್ತದೆ. ಬೇಗ ಹೌದು, ಸೊಂಟ ಮಾತ್ರ ಹಿಡಿದುಹೋಗುತ್ತದೆ.

ಟಾಂಜಾನಿಯಾದಲ್ಲಿ ತಿಂಗಳುಗಟ್ಟಲೆ ಸ್ವಯಂಸೇವೆ ಮುಗಿಸಿ ಹೊರಡುವವರಿಗೆ ನನ್ನ ಓಟು ರೈಲಿಗೆ. ಅವಸರವೇನಿಲ್ಲ ಅಲ್ವಾ? ಅಂದಹಾಗೆ, ಅಲ್ಲಿ ಸಂಬಳವಿಲ್ಲದ ಕೆಲಸಕ್ಕೂ ಪ್ರವಾಸಿ ವೀಸಾ ಸಾಲದು. ಕರೆಸಿಕೊಳ್ಳುವ ಸಂಸ್ಥೆಯ ಮೂಲಕ ಪರವಾನಗಿ ಮೊದಲೇ ಮಾಡಿಸಿಕೊಳ್ಳಿ.