ಹೂವೋ, ಹಾಕಿಯೋ, ಕುಂಡೆ ಹಬ್ಬವೋ: ಮಾರ್ಚಿನಿಂದ ಮೇವರೆಗಿನ ಕೊಡಗು

ಮಾರ್ಚ್ ಬಂತೆಂದರೆ ಬೆಂಗಳೂರು, ಮೈಸೂರಿನ ನೆಂಟರದ್ದು ಒಂದೇ ಪ್ರಶ್ನೆ: "ಈಗ ಬಂದ್ರೆ ಅಲ್ಲಿ ನೋಡೋಕೆ ಏನಿದೆ?" ಅಬ್ಬಿ, ಇರ್ಪು ಜಲಪಾತಗಳು ಸೊರಗಿರುತ್ತವೆ. ಸುಗ್ಗಿ ಹಬ್ಬ ಹುತ್ತರಿ ಮುಗಿದು ತಿಂಗಳುಗಳಾಗಿರುತ್ತವೆ, ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಸೆಪ್ಟೆಂಬರ್ ಬರಬೇಕು. ಉಳಿಯುವುದು ಮುಖ್ಯವಾಗಿ ಮೂರು: ಕಾಫಿ ಹೂ, ಕೊಡವ ಕುಟುಂಬಗಳ ಹಾಕಿ, ದೇವರಪುರದಲ್ಲಿ ಬುಡಕಟ್ಟಿನವರು ಆಚರಿಸುವ ಕುಂಡೆ ಹಬ್ಬ. ಬೆಟ್ಟ ಹತ್ತುವುದನ್ನೂ ಸೇರಿಸಿದರೆ ಮೂರೂವರೆ. ಅದು ಅರ್ಧ ಯಾಕೆ ಎಂದು ಆಮೇಲೆ ಹೇಳುತ್ತೇವೆ.

ಮೂರಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ದಿನ ಗೊತ್ತುಮಾಡುವವರು ಯಾರು ಎಂಬುದು. ಹೂವಿನ ದಿನವನ್ನು ಮಳೆ ನಿರ್ಧರಿಸುತ್ತದೆ, ಹಾಕಿಯದ್ದನ್ನು ಪಂದ್ಯಗಳ ಪಟ್ಟಿ, ಕುಂಡೆ ಹಬ್ಬದ್ದನ್ನು ವಾಡಿಕೆ. ರಜೆ ಹಾಕುವ ಮೊದಲು ಇಷ್ಟು ಗೊತ್ತಿದ್ದರೆ ಅರ್ಧ ನಿರಾಸೆ ತಪ್ಪುತ್ತದೆ.

ಕಾಫಿ ಹೂ ನೋಡಲೆಂದು ಬಂದು ಬರೀ ಎಲೆ ನೋಡಿ ಹೋಗುವವರೇ ಹೆಚ್ಚು. ಎರಡು ತಿಂಗಳು ಮುಂಚೆ ಹೋಂಸ್ಟೇ ಬುಕ್ ಮಾಡಿದ್ದೇ ಅದಕ್ಕೆ ಕಾರಣ. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಯಾವಾಗಲಾದರೂ ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಮಳೆ, ಬೀಳಬಹುದು. ಇಲ್ಲಿನ ಎರಡು ಜಾತಿಯ ಕಾಫಿಯಲ್ಲಿ ಮಳೆ ಬಿದ್ದ ಏಳೆಂಟು ದಿನಕ್ಕೆ ರೋಬಸ್ಟಾ ಅರಳುತ್ತದೆ, ಅರೇಬಿಕಾ ಇನ್ನೊಂದೆರಡು ದಿನ ತಡ. ಅರಳಿದ ಮೇಲೆ ಬೆಳ್ಳಗೆ ಕಾಣುವುದು ಮೂರೇ ದಿನ. ನಾಲ್ಕನೆಯ ದಿನ ಗಿಡ ಚಹಾ ಚೆಲ್ಲಿದ ಬಟ್ಟೆಯಂತೆ ಕಂದುಗಟ್ಟಿರುತ್ತದೆ. ಹಾಗಾಗಿ ಹೂವಿಗಾಗಿ ಬರುವವರು ಮೊದಲು ಮಳೆಯ ತಾರೀಖು ಹಿಡಿಯಬೇಕು, ಆಮೇಲೆ ಬಸ್ಸು.

ಬರೀ ತಾರೀಖೂ ಸಾಲದು, ಅಳತೆ ಬೇಕು. ಇಲ್ಲಿನ ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ ಸುಮಾರು 25 ಮಿಲಿಮೀಟರ್. ಗುಡುಗು ನಿಂತ ಹತ್ತು ನಿಮಿಷಕ್ಕೆ ಊರೂರಿಗೆ ಫೋನು ಓಡುತ್ತದೆ: "ನಿಮ್ಮಲ್ಲಿ ಎಷ್ಟು ಸೆಂಟು?" ಒಂದು ಇಂಚು ದಾಟಿದರೆ ಮೊಗ್ಗೆಲ್ಲ ಒಟ್ಟಿಗೆ ಒಡೆಯುತ್ತದೆ. ಇಪ್ಪತ್ತು, ಮೂವತ್ತು ಸೆಂಟು ಬಿದ್ದು ನಿಂತರೆ ಕೆಲವು ಮೊಗ್ಗು ಅರೆಬರೆ ಅರಳಿ ಉಳಿದವು ಹಾಗೇ ಕೂರುತ್ತವೆ. ನೋಡಲೂ ಚೆಂದವಿಲ್ಲ, ಬೆಳೆಗಾರನಿಗಂತೂ ನಷ್ಟ. ಬೇಸಿಗೆ ಮಳೆಗೆ ಗಡಿ ಬಹಳ ಚಿಕ್ಕದು. ಗುಡ್ಡದ ಈಚೆ ಒಂದಿಂಚು ಬಿದ್ದು ಆಚೆ ಹತ್ತು ಸೆಂಟೂ ಬೀಳದಿರಬಹುದು. ಆದ್ದರಿಂದ "ಕೊಡಗಲ್ಲಿ ಮಳೆಯಂತೆ" ಎಂಬ ಸುದ್ದಿ ನಂಬಿ ಹೊರಡಬೇಡಿ. ನೀವು ಉಳಿಯುವ ತೋಟದವರನ್ನೇ ಕೇಳಿ, ಎಂದು ಬಿತ್ತು, ಎಷ್ಟು ಸೆಂಟು ಎಂದು. ಸ್ಪ್ರಿಂಕ್ಲರ್ ಇರುವ ತೋಟಗಳಾದರೆ ಲೆಕ್ಕ ಸುಲಭ. ನೀರು ಹೊಡೆದ ದಿನದಿಂದಲೇ ಎಣಿಸಬಹುದು. ಅವುಗಳಲ್ಲಿ ಸಾಮಾನ್ಯವಾಗಿ ಮಳೆಗೆ ಮುಂಚೆಯೇ ಹೂ.

ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟ, ಗೋಣಿಕೊಪ್ಪ ಕಡೆ ರೋಬಸ್ಟಾ ಹೆಚ್ಚು, ಸೋಮವಾರಪೇಟೆ ಕಡೆ ಅರೇಬಿಕಾ. ಕಣ್ತುಂಬ ಬಿಳಿ ಬೇಕಾದರೆ ರೋಬಸ್ಟಾ ಕಡೆಗೇ ಹೋಗಿ. ಗಿಡ ದೊಡ್ಡದು, ಗೊಂಚಲೂ ದಪ್ಪ. ರೆಕ್ಕೆಯ (ಕೊಂಬೆಯ) ಗೆಣ್ಣು ಗೆಣ್ಣಿಗೂ ಹತ್ತಿಯುಂಡೆ ಅಂಟಿಸಿದ ಹಾಗಿರುತ್ತದೆ. ಅರಳುವ ಹಿಂದಿನ ದಿನ ಗುರುತಿಸುವುದೂ ಕಷ್ಟವಲ್ಲ: ಗಟ್ಟಿ ಹಸಿರಾಗಿದ್ದ ಮೊಗ್ಗು ಉದ್ದಕ್ಕೆ ಚಾಚಿ, ತುದಿ ಚೂಪಾಗಿ, ಬೆಣ್ಣೆಬಣ್ಣಕ್ಕೆ ತಿರುಗಿದರೆ ಮರುದಿನ ಬೆಳಿಗ್ಗೆ ಹೂ. ಏಳರಿಂದ ಹತ್ತು ಗಂಟೆಯೊಳಗೆ ನೋಡಿ. ಮಲ್ಲಿಗೆಯನ್ನು ಹೋಲುವ ಪರಿಮಳ ಆ ಹೊತ್ತಿಗೆ, ಮತ್ತೆ ಸಂಜೆಗೆ ಚೆನ್ನಾಗಿ ಬರುತ್ತದೆ. ನಡುಮಧ್ಯಾಹ್ನ ಜೇನ್ನೊಣದ ಸದ್ದೇ ಹೆಚ್ಚು.

ರಸ್ತೆಬದಿಯಿಂದ ನೋಡಿದರೆ ಸಾಕು, ಒಳಗೆ ನುಗ್ಗಬೇಡಿ. ರೋಬಸ್ಟಾಕ್ಕೆ ಪರಾಗ ಬೇರೆ ಗಿಡದಿಂದಲೇ ಬರಬೇಕು, ಗಾಳಿಯೋ ಜೇನೋ ತರಬೇಕು. ಆ ದಿನಗಳಲ್ಲಿ ಕೆಲಸದವರನ್ನೂ ಹೂಬಿಟ್ಟ ಕಡೆಗೆ ಬಿಡದ ತೋಟಗಳಿವೆ. ಹಾಗಿರುವಾಗ ಸೆಲ್ಫಿಗೆ ರೆಕ್ಕೆ ಬಗ್ಗಿಸಿದರೆ ಮಾಲೀಕರು ಬೈಯುವುದರಲ್ಲಿ ತಪ್ಪೇನಿದೆ? ಸಿದ್ದಾಪುರ, ಪಾಲಿಬೆಟ್ಟದ ಸುತ್ತ ತೋಟದೊಳಗೆ ಆನೆ ಇರುವುದೂ ಮಾಮೂಲು.

ಇಷ್ಟೆಲ್ಲ ಅನಿಶ್ಚಯ ಆಗದವರಿಗೆ ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದಾಗ ಇದ್ದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಪ್ರತಿವರ್ಷ ಒಂದು ಒಕ್ಕ (ಮನೆತನ) ನಡೆಸಿಕೊಡುತ್ತದೆ, ಕಪ್‌ಗೆ ಅದರದೇ ಹೆಸರು. ನಾಕೌಟ್ ಆದ್ದರಿಂದ ಲೆಕ್ಕ ನೇರ: 396 ತಂಡ ಎಂದರೆ 395 ಪಂದ್ಯ, ಸುಮಾರು ಒಂದು ತಿಂಗಳು, ಒಂದಕ್ಕಿಂತ ಹೆಚ್ಚು ಮೈದಾನ. ದಿನಕ್ಕೆ ಡಜನ್ ಪಂದ್ಯವಾದರೂ ಸಿಗುತ್ತದೆ, ಟಿಕೆಟ್ ಇಲ್ಲ.

ಯಾವ ವಾರ ಹೋಗಬೇಕು ಎನ್ನುವುದರಲ್ಲಿ ಜನ ಎಡವುತ್ತಾರೆ. ಫೈನಲ್ಲಿಗೆ ಹೋದರೆ ಒಳ್ಳೆಯ ಹಾಕಿ ಸಿಗುತ್ತದೆ, ಕೂರಲು ಜಾಗ ಸಿಗುವುದಿಲ್ಲ. ನಮ್ಮ ಮತ ಮೊದಲೆರಡು ವಾರಕ್ಕೆ. ಅಜ್ಜ, ಮೊಮ್ಮಗಳು, ಹೊಟ್ಟೆ ಬಂದ ಚಿಕ್ಕಪ್ಪ ಎಲ್ಲರೂ ಒಂದೇ ಜರ್ಸಿಯಲ್ಲಿ ಇಳಿಯುವುದು ಆಗಲೇ. ಎದುರು ತಂಡದಲ್ಲಿ ಭಾರತಕ್ಕೆ ಆಡಿದವರಿದ್ದರೂ ಆಶ್ಚರ್ಯವಿಲ್ಲ. ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ ಅವರನ್ನು ಕೊಟ್ಟ ಜಿಲ್ಲೆ ಇದು. ಗೊತ್ತಿರುವ ಒಕ್ಕದ ಪಂದ್ಯವೇ ನೋಡಬೇಕಾದರೆ ಅವರ ಮೊದಲ ಪಂದ್ಯಕ್ಕೇ ಹೋಗಿ, ಎರಡನೆಯದು ಇರುತ್ತದೆಂಬ ಭರವಸೆ ಅವರಿಗೇ ಇರುವುದಿಲ್ಲ. ಬೆಳಗಿನ ಪಂದ್ಯಗಳು ಉತ್ತಮ. ಏಪ್ರಿಲ್ಲಿನಲ್ಲಿ ಮೂರು ಗಂಟೆಗೆ ಮೋಡ ಕಟ್ಟಿ ಸುರಿದರೆ ಮೈದಾನ ಕೆಸರು, ಉಳಿದ ಪಂದ್ಯ ಮರುದಿನಕ್ಕೆ. ಟೋಪಿ, ನೀರು, ಕೊಡೆ ಮೂರೂ ಬೇಕು. ಊಟದ ಚಿಂತೆ ಬೇಡ, ಮೈದಾನದ ಸುತ್ತ ಸ್ಟಾಲ್‌ಗಳಿರುತ್ತವೆ. ಅದೇ ಬೇಸಿಗೆಯಲ್ಲಿ ಗೌಡ ಕುಟುಂಬಗಳ ಕ್ರಿಕೆಟ್ಟೂ ನಡೆಯುತ್ತದೆ. ಹಾಕಿ ಅರ್ಥವಾಗದ ಮಕ್ಕಳಿದ್ದರೆ ಅತ್ತ ಕರೆದೊಯ್ಯಬಹುದು.

ಕುಂಡೆ ಹಬ್ಬ ಇವೆರಡರ ಜೊತೆ ಹೋಲಿಸುವಂಥದ್ದೇ ಅಲ್ಲ, ಆದರೂ ಕೇಳುವವರು ಇದ್ದಾರೆ. ಮೇ ಕೊನೆಯ ಭಾಗದ ಒಂದು ಗುರುವಾರ, ಗೋಣಿಕೊಪ್ಪ ಮತ್ತು ತಿತಿಮತಿ ನಡುವಿನ ದೇವರಪುರದಲ್ಲಿ. ಜೇನುಕುರುಬರು, ಬೆಟ್ಟಕುರುಬರು, ಯರವರು ಸೀರೆ, ಲಂಗ, ಬಣ್ಣ ಬಳಿದ ಮುಖ, ಹೀಗೆ ಕೈಗೆ ಸಿಕ್ಕ ವೇಷದಲ್ಲಿ ಸೋರೆಬುರುಡೆ, ಪ್ಲಾಸ್ಟಿಕ್ ಡಬ್ಬ ಬಡಿಯುತ್ತ ಬರುತ್ತಾರೆ. ಎದುರು ಬಂದವರನ್ನೂ ದೇವರನ್ನೂ ಬೈದು ಕಾಸು ಕೇಳುತ್ತಾರೆ. ಬೇಟೆಗೆಂದು ಕರೆದುಕೊಂಡು ಬಂದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಲ್ಲೇ ಬಿಟ್ಟನೆಂಬ ಸಿಟ್ಟು ಈ ಬೈಗುಳದ ಹಿಂದಿನ ಕಥೆ. ವರ್ಷವಿಡೀ ತೋಟದಲ್ಲಿ ಬೈಸಿಕೊಳ್ಳುವವರಿಗೆ ಇದೊಂದು ದಿನ ಬೈಯುವ ಹಕ್ಕು ಎಂದೂ ಓದಬಹುದು. ನಮಗಂತೂ ಅದೇ ಸರಿ ಎನಿಸುತ್ತದೆ.

ಹತ್ತು, ಇಪ್ಪತ್ತರ ನೋಟು ಸಾಕಷ್ಟು ಇಟ್ಟುಕೊಳ್ಳಿ. ಗೋಣಿಕೊಪ್ಪದಿಂದಲೇ ವಾಹನ ನಿಲ್ಲಿಸುತ್ತಾರೆ, ಐನೂರರ ನೋಟಿಗೆ ಚಿಲ್ಲರೆ ಕೇಳಿದರೆ ಇನ್ನೂ ಎರಡು ಬೈಗುಳ ಖಚಿತ. ಕಾರಿನ ಗಾಜು ಏರಿಸಿ ಕೂರುವವರು, ಮಕ್ಕಳ ಕಿವಿಯ ಬಗ್ಗೆ ಯೋಚಿಸುವವರು ಆ ದಿನ ಆ ರಸ್ತೆಯನ್ನೇ ಬಿಡುವುದು ವಾಸಿ. ವೀಡಿಯೊ ಮಾಡುವ ಮುಂಚೆ ಕೇಳಿ, ಮಾಡಿದರೆ ಕಾಸು ಕೊಡಿ.

ಇನ್ನು ಆ ಅರ್ಧ. ತಡಿಯಂಡಮೋಳ್ 1748 ಮೀಟರ್, ಕೊಡಗಿನಲ್ಲೇ ಎತ್ತರ. ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆಯಿಂದ ಹತ್ತಿಳಿಯಲು ಐದಾರು ಗಂಟೆ. ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ತೆರೆದಿದ್ದರೂ ಹುಲ್ಲುಗಾವಲಲ್ಲಿ ನೆರಳಿಲ್ಲ, ತೊರೆ ಬತ್ತಿರುತ್ತದೆ, ಆಳಿಗೆ ಎರಡು ಲೀಟರ್ ನೀರು ಹೊರಲೇಬೇಕು. ಮಧ್ಯಾಹ್ನ ಸಿಡಿಲಿಗೆ ಮೊದಲು ಇಳಿದಿರಬೇಕು. ಮಾಂದಲ್‌ಪಟ್ಟಿಯ ವೀಕ್ಷಣಾ ತಾಣಕ್ಕೆ ಜೀಪಿದೆ, ಬೆವರಿಲ್ಲ, ಆದರೆ ದೂಳು ಮತ್ತು ಮಬ್ಬಿನಲ್ಲಿ ಎದುರಿನ ಬೆಟ್ಟವೇ ಕಾಣದ ದಿನಗಳು ಬಹಳ. ಹಿಂದಿನ ಸಂಜೆ ಜೋರು ಮಳೆಯಾಗಿದ್ದರೆ ಮಾತ್ರ ಬೆಳಿಗ್ಗೆ ಬೇಗ ಹೋಗಿ, ಗಾಳಿ ತೊಳೆದಂತಿರುತ್ತದೆ.

ತಾರೀಖು ಬದಲಿಸಲಾಗದ ಕುಟುಂಬಕ್ಕೆ ಹಾಕಿ ಮೊದಲ ವಾರಗಳು. ಎರಡು ದಿನದ ಮುನ್ಸೂಚನೆಗೆ ಹೊರಡಬಲ್ಲವರು ಹೂವಿಗೆ ಕಾಯಿರಿ, ಅದಕ್ಕೆ ಸಮನಾದದ್ದು ಈ ಮೂರರಲ್ಲಿ ಇನ್ನೊಂದಿಲ್ಲ. ಹೂಮಳೆ ತಡವಾದ ವರ್ಷಗಳಲ್ಲಿ ಎರಡೂ ಒಟ್ಟಿಗೆ ದಕ್ಕುವುದುಂಟು. ಹಾಕಿ ಪಂದ್ಯ ನಿಲ್ಲಿಸಿದ ಮಳೆಯ ತಾರೀಖನ್ನು ಗುರುತು ಹಾಕಿಕೊಂಡು, ತೋಟದವರಲ್ಲಿ ಸೆಂಟು ಕೇಳಿ, ಎಂಟನೆಯ ಬೆಳಿಗ್ಗೆಗೆ ಅಲ್ಲಿರಿ.