ಮೆಣಸಿನಗಿಡಕ್ಕೆ ಕೈಟೋಸಾನ್ ಹೊಡೆಯೋ ಮುಂಚೆ ನಿಮ್ಮ ನೀರು ನೋಡಿ

ಕುಂದಗೋಳ ಕಡೆ ನಮ್ಮ ಎರೆ ಹೊಲ, ಬೆಳೆಯೋದು ಬ್ಯಾಡಗಿ ಮೆಣಸಿನಕಾಯಿ. ಎರಡು ವರ್ಷ ಮುಟುರು ರೋಗ, ಅಂದರೆ ಎಲೆ ಮುದುಡಿಸೋ ವೈರಸ್ ರೋಗ ಬಿದ್ದು ಗಿಡ ಮೇಲೇಳಲೇ ಇಲ್ಲ. ಅದಕ್ಕೆ ಈ ಸಲ ಹುಬ್ಬಳ್ಳಿಯ ಒಂದು ಅಂಗಡಿಯಿಂದ ಕೈಟೋಸಾನ್ ದ್ರಾವಣ ತಂದೆ.

"ರೋಗ ಬಿದ್ದ ಗಿಡಾನೂ ಎದ್ದು ನಿಲ್ತದ, ಒಯ್ರಿ" ಅಂದರು ಅಂಗಡಿಯವರು. ಅದು ಸುಳ್ಳು. ಮುದುಡಿದ ಗಿಡ ಮುದುಡಿದ ಹಾಗೇ ಉಳಿಯಿತು. ಇದು ವೈರಸ್ ಕೊಲ್ಲೋ ಔಷಧ ಅಲ್ಲವೇ ಅಲ್ಲ. ಸಿಗಡಿ, ಏಡಿ ಚಿಪ್ಪಿನಲ್ಲಿರೋ ಕೈಟಿನ್ ಅನ್ನು ಕ್ಷಾರ ಹಾಕಿ ಬದಲಾಯಿಸಿದರೆ ಕೈಟೋಸಾನ್ ಆಗುತ್ತದೆ. ಶಿಲೀಂಧ್ರದ ಮೈಯಲ್ಲೂ ಕೈಟಿನ್ ಇರುತ್ತದೆ ಅಲ್ವಾ, ಹಾಗಾಗಿ ಎಲೆ ಮೇಲೆ ಇದು ಬಿದ್ದ ಕೂಡಲೇ ಗಿಡ ಯಾವುದೋ ಶಿಲೀಂಧ್ರ ಬಂತು ಅಂತ ತಿಳಿದು, ಜೀವಕೋಶಗಳ ನಡುವಿನ ಸಣ್ಣ ದಾರಿಗಳಿಗೆ ಕ್ಯಾಲೋಸ್ ಅನ್ನೋ ಬಿರಡೆ ಹಾಕಿಕೊಳ್ಳುತ್ತದೆ. ವೈರಸ್ ಒಂದು ಕೋಶದಿಂದ ಇನ್ನೊಂದಕ್ಕೆ ದಾಟೋದು ಅದೇ ದಾರಿಯಲ್ಲಿ. ಬಿರಡೆ ಮೊದಲೇ ಬಿದ್ದಿರಬೇಕು, ವೈರಸ್ ಒಳಗೆ ಹೊಕ್ಕ ಮೇಲೆ ಹೊಡೆದು ಏನು ಬಂತು?

ನನಗೆ ಜಾಸ್ತಿ ಕಾಟ ಕೊಟ್ಟಿದ್ದು ನೀರು. ನಮ್ಮ ಬೋರಿನ ನೀರು ಸವಳು, ಅಂದರೆ ಕ್ಷಾರ ಜಾಸ್ತಿ. ಮೊದಲ ಟ್ಯಾಂಕಿಗೆ ಅದನ್ನೇ ಹಾಕಿ ದ್ರಾವಣ ಸುರಿದೆ. ಒಡೆದ ಹಾಲಿನ ಹಾಗೆ ಬಿಳಿ ಎಳೆ ಎಳೆ ಆಯಿತು, ಬೆರಳಿಗೆ ಲೋಳೆ ಅಂಟಿತು, ಎರಡೇ ಸಾಲಿಗೆ ನಾಜಲ್ ಕಟ್ಟಿಕೊಂಡಿತು. ಕೈಟೋಸಾನ್ ಕರಗೋದು ಹುಳಿ ಅಂಶ ಇರೋ ನೀರಿನಲ್ಲಿ ಮಾತ್ರ, ಸವಳು ನೀರಿನಲ್ಲಿ ಬೇರೆಯಾಗಿಬಿಡುತ್ತದೆ. ಬಾಟಲಿ ಮೇಲೆ ಇದರ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ಇಲ್ಲ! ರೈತರಿಗೆ ಮಾರೋ ಮಾಲು ಅಂದ ಮೇಲೆ ಇಷ್ಟಾದರೂ ಬರೆಯಬೇಕು. ಆಮೇಲೆ ಕೃಷಿ ಹೊಂಡದ ಮಳೆನೀರು ತಂದು ಕಲಸಿದೆ, ತಿಳಿಯಾಗಿ ಬೆರೆಯಿತು.

ಅಕ್ಕನ ಹೊಲ ನಮ್ಮ ಪಕ್ಕದಲ್ಲೇ. ಅಲ್ಲಿ ಅಗಿ (ಸಸಿ) ಹಚ್ಚಿದ ಎರಡನೇ ವಾರದಿಂದಲೇ ಹೊಡೆದೆವು, ನೋಡೋಣ ಅಂತ ನಾಲ್ಕು ಸಾಲು ಸುಮ್ನೆ ಬಿಟ್ಟೆವು. ಹೊಡೆದ ಸಾಲುಗಳಲ್ಲಿ ಮುಟುರು ಬಂತು, ಆದರೆ ತಡವಾಗಿ ಮತ್ತು ಕಡಿಮೆ. ಬಿಟ್ಟ ಸಾಲು ಈಗಲೂ ದೂರದಿಂದ ಗೊತ್ತಾಗುತ್ತವೆ.

ಇನ್ನೊಂದು ಮಾತು. ಎಲೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ಅನ್ನೋ ಸಣ್ಣ ಹುಳ ಇರಬಹುದು, ಕೆಳಕ್ಕಾದರೆ ಮೈಟ್ ನುಸಿ. ಅವಕ್ಕೆ ಇದನ್ನು ಹೊಡೆದು ದುಡ್ಡು ಹಾಳು ಮಾಡಬೇಡಿ. ವೈರಸ್ ತರೋ ಬಿಳಿ ನೊಣಕ್ಕೆ ಹಳದಿ ಅಂಟು ಹಾಳೆ ಕಟ್ಟೋದನ್ನೂ ನಿಲ್ಲಿಸಬೇಡಿ.

ಮುಂದಿನ ವರ್ಷವೂ ತರುತ್ತೇನೆ, ಬೇರೆ ಅಂಗಡಿಯಿಂದ.